ಒಂದೂ ತಪ್ಪಿಲ್ಲದ ಓದು

ಮಾನ್ವಿಯಲ್ಲಿ ತರಬೇತಿಯ ಮೊದಲ ದಿನ ಹಾಜರಿ ಬರೆಯುವ ಗುಮಾಸ್ತರು ನನ್ನ ಹೆಸರು ಬರೆದುಕೊಂಡು, ಪೆನ್ನು ಮೇಲೆತ್ತಿ ಕೇಳಿದರು: "ಎಷ್ಟನೇತ್ತ ಆಗೇದ್ರಿ?"

"ಐದನೇತ್ತ."

"ಪಾಸೋ?"

"ನಡುವ ಬಿಟ್ಟೀನ್ರಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ತಿರುಗಿ ನೋಡಲಿಲ್ಲ. ದೊಡ್ಡವರಿಗೆ ಓದು ಬರಹ ಕಲಿಸಲಿಕ್ಕೆಂದು ರಾಯಚೂರು, ಮಾನ್ವಿ, ದೇವದುರ್ಗದಿಂದ ಬಂದಿದ್ದವರಲ್ಲಿ ಹತ್ತನೇತ್ತ ಮುಟ್ಟದವನು ನಾನೊಬ್ಬನೇ. ಎಂಬತ್ತರ ದಶಕದ ಮೊದಲ ವರ್ಷಗಳವು. ವಯಸ್ಕರ ಶಿಕ್ಷಣ ಎಂಬ ಮಾತು ಗೋಡೆಗೋಡೆಯ ಮೇಲೆ ಇದ್ದ ಕಾಲ. ನಾನು ರಾಯಚೂರಿನ ಹತ್ತಿ ಗಿರಣಿಯೊಂದರಲ್ಲಿ ತೂಕದ ಜಮಾದಾರ. ಚಂದ್ರಬಂಡದ ಶಾಲೆ ಬಿಟ್ಟ ಮೇಲೆ ನನ್ನ ಓದು ಗಟ್ಟಿ ಮಾಡಿಸಿದ್ದು ಹತ್ತಿಯ ಅಂಡಿಗೆಗಳ ಮೇಲಿನ ಗುರುತು, ಸಿನಿಮಾ ಪೋಸ್ಟರು, ಶೇಂಗಾ ಕಟ್ಟಿಕೊಟ್ಟ ಪತ್ರಿಕೆಯ ಹರಕು. ಯಾರ ಹಂಗೂ ಇಲ್ಲದೆ ಕಲಿತವನು ಎಂಬ ಸೊಕ್ಕು ನನ್ನಲ್ಲಿತ್ತು. ಅದನ್ನು ಈಗಲೂ ಪೂರ್ತಿ ಬಿಟ್ಟಿಲ್ಲ.

ನನ್ನನ್ನು ತರಬೇತಿಗೆ ಕಳಿಸಿದವರು ನಮ್ಮ ಓಣಿಯ ಸಂಘದ ಕಾರ್ಯದರ್ಶಿಗಳು, ವಕೀಲಿ ಬಿಟ್ಟು ಮನೆಯಲ್ಲಿದ್ದ ಹಿರಿಯರು. ನಮ್ಮ ಓಣಿ ಇರುವುದು ರಾಯಚೂರಿನ ಕೆರೆಯ ದಂಡೆಗೆ. ಸಂಘದವರು ಪ್ರತಿ ವರ್ಷ ಮೇ ತಿಂಗಳಿಡೀ ಸಂಜೆ ಹೊತ್ತು ಕೆರೆ ಏರಿಯ ಬೇವಿನ ಮರಗಳ ಕೆಳಗೆ ಉಪನ್ಯಾಸ ಇಡಿಸುತ್ತಿದ್ದರು. ಧಾರವಾಡದಿಂದ, ಕಲಬುರ್ಗಿಯಿಂದ ಪಂಡಿತರು ಬರುತ್ತಿದ್ದರು. ಒಂದು ದಿನ ಶರಣರ ವಿಚಾರ, ಒಂದು ದಿನ ನಕ್ಷತ್ರಗಳದ್ದು, ಇನ್ನೊಂದು ದಿನ ಮೂಲವ್ಯಾಧಿಯದ್ದು. ಬಿಸಿಲಿಗೆ ಬೆಂದ ಊರಿನ ಜನ ಗಾಳಿಗೆಂದು ಬಂದು ಕೂರುತ್ತಿದ್ದರು. ಕೂತ ಮೇಲೆ ಕೇಳುತ್ತಿದ್ದರು. ಆ ವರ್ಷ ಕಾರ್ಯದರ್ಶಿಗಳಿಗೆ ಹೊಸ ವಿಚಾರ ಬಂತು. ಕೇಳಲು ಬರುವವರಲ್ಲಿ ಅರ್ಧದಷ್ಟು ಮಂದಿಗೆ ಅಕ್ಷರ ಬರುವುದಿಲ್ಲ. ಉಪನ್ಯಾಸದ ಜಮಖಾನೆಯ ಮೇಲೆಯೇ ಅವರಿಗೊಂದು ತರಗತಿ ನಡೆಯಲಿ.

"ಸಾಲಿ ಮಾಸ್ತರನ್ನ ಕುಂದರಸಿದ್ರ ಒಬ್ಬರೂ ಬರಂಗಿಲ್ಲ," ಎಂದರು ನನಗೆ. "ನಿನ್ನ ಭಜನಿಗೆ ಓಣಿಗೆ ಓಣಿನ ಕೂಡ್ತದ. ನೀನ ಕಲಸು."

ಮಾನ್ವಿಯಲ್ಲಿ ಕಲಿಸಿದ ಪದ್ಧತಿ ಹೀಗಿತ್ತು. ಮೊದಲು ಚಿತ್ರ ತೋರಿಸಬೇಕು, ಚಿತ್ರದ ಬಗ್ಗೆ ಮಾತಾಡಿಸಬೇಕು. ಆಮೇಲೆ ಆ ಚಿತ್ರದ ಒಂದು ಶಬ್ದ. ಶಬ್ದವನ್ನು ಒಡೆದು ಅಕ್ಷರ. ಅಕ್ಷರಗಳ ಚೀಟಿ ಮಾಡಿ, ಕಲಸಿ, ಹೊಸ ಶಬ್ದ ಕಟ್ಟಿಸಬೇಕು. ದೇವದುರ್ಗದಿಂದ ಬಂದಿದ್ದ ಶಿಕ್ಷಕಿಯೊಬ್ಬಳು ಬೆಂಕಿಪೆಟ್ಟಿಗೆಯಲ್ಲಿ ಚೀಟಿ ತುಂಬಿಕೊಂಡು ಊಟದ ಹೊತ್ತಿನಲ್ಲೂ ಅದನ್ನೇ ಕಲಸುತ್ತ ಕೂರುತ್ತಿದ್ದಳು. "ಇಸ್ಪೀಟ ಆಡಾಕತ್ತೀರೇನ್ರಿ ಬಾಯಾರ?" ಎಂದು ನಾನು ಚೇಷ್ಟೆ ಮಾಡಿದ್ದೆ.

ಶಿವರಾತ್ರಿ ಕಳೆದ ಮೇಲೆ ತರಗತಿ ಶುರುವಾಯಿತು. ಸಂಜೆ ಐದೂವರೆಗೆ, ಬೆಳಕಿರುವಾಗಲೇ. ಬಟ್ಟೆ ಒಗೆಯುವ ಹೆಣ್ಣುಮಕ್ಕಳು, ಕೆರೆಯಲ್ಲಿ ಬಲೆ ಬೀಸುವ ಗಂಡಸರು, ಮಟಮಾರಿಯಿಂದ ಬಂದು ಓಣಿಯಲ್ಲಿ ನೆಲೆಸಿದ್ದ, ಮನೆ ಕಟ್ಟುವ ಗೌಂಡಿಗಳು. ಒಟ್ಟು ಇಪ್ಪತ್ತೆರಡು ಜನ. ಮೊದಲ ವಾರ ಚೀಟಿ ಕಲಸಿದೆ. ಎರಡನೇ ವಾರಕ್ಕೆ ಐದು ಜನ ಉಳಿದರು. ಅದರಲ್ಲಿ ಇಬ್ಬರು ಕೂತಲ್ಲೇ ತೂಕಡಿಸುತ್ತಿದ್ದರು. ದಿನವಿಡೀ ಕಲ್ಲಿಗೆ ಬಟ್ಟೆ ಬಡಿದ ಕೈಗೆ ಬರೆಯುವ ಪೇಣೆ ಹಿಡಿಯುವುದೇ ಭಾರ. ಬಟ್ಟೆ ಒಗೆಯುವವರಲ್ಲಿ ಎಲ್ಲರಿಗಿಂತ ದೊಡ್ಡವಳು, ಓಣಿ ಮಂದಿಯೆಲ್ಲ ಯವ್ವಾ ಎನ್ನುತ್ತಿದ್ದ ಮುದುಕಿ, ಪಾಟಿ ಪಕ್ಕಕ್ಕಿಟ್ಟು ಹೇಳಿದಳು: "ಮಾಸ್ತರ, ಇದು ಹಲ್ಲಿಲ್ಲದಾಕಿಗೆ ಫುಟಾಣಿ ತಿನಿಸಿದಂಗ ಆಗೇದ. ಒಂದು ಪದ ಹಚ್ಚು, ಕೇಳಿ ಮನಿಗೆ ಹೋಗ್ತೀವಿ."

ಮರುದಿನ ನಾನು ಹಾರ್ಮೋನಿಯಂ ತಂದೆ. ಮೊದಲ ಪಾಠದ ಐದು ಸಾಲನ್ನು ಭಜನೆಯ ಧಾಟಿಗೆ ಕೂಡಿಸಿದೆ. ನಾನು ಒಂದು ಸಾಲು ಹೇಳುವುದು, ಅವರು ಪುಸ್ತಕದಲ್ಲಿ ಬೆರಳಿಟ್ಟು ಅದೇ ಸಾಲು ಹೇಳುವುದು. ನಾಲ್ಕು ದಿನಕ್ಕೆ ಇಪ್ಪತ್ತೆರಡೂ ಜನ ತಿರುಗಿ ಬಂದರು. ಪಾಠ ಪುಸ್ತಕದಿಂದ ಬಾಯಿಗೆ ಹತ್ತಿದ ವೇಗ ನೋಡಿ ನನಗೇ ನಂಬಿಕೆಯಾಗಲಿಲ್ಲ. ಬೆರಳು ಸಾಲಿನ ಕೆಳಗೆ ನಡೆಯುತ್ತಿತ್ತು, ಹಾಳೆ ಮುಗಿಯುವ ಹೊತ್ತಿಗೆ ಸರಿಯಾಗಿ ಹಾಳೆ ತಿರುವುತ್ತಿದ್ದರು. ಬೋರ್ಡಿನ ಮೇಲಿನ ಅಕ್ಷರವನ್ನು ಹೆಣ್ಣುಮಕ್ಕಳು ಪಾಟಿಗೆ ಇಳಿಸಿದರೆ ನನ್ನ ಅಕ್ಷರಕ್ಕಿಂತ ದುಂಡಗೆ ಬರುತ್ತಿತ್ತು. ಹತ್ತಿಯ ಸುಗ್ಗಿ ಮುಗಿದು ಏಪ್ರಿಲ್ಲಿನಲ್ಲಿ ಗಿರಣಿ ನಿಂತಿತು. ಆಮೇಲೆ ದಿನವಿಡೀ ನನಗೆ ಅದೇ ಕೆಲಸ: ಮುಂದಿನ ಪಾಠಕ್ಕೆ ಧಾಟಿ ಹುಡುಕುವುದು.

ಮೇಲ್ವಿಚಾರಕರು ಮಾನ್ವಿಯಿಂದ ತಪಾಸಣೆಗೆ ಬಂದರು. ಯಾರನ್ನು ಎಬ್ಬಿಸಿ, ಯಾವ ಪಾಠ ಕೇಳಿದರೂ ಒಂದೂ ತಪ್ಪಿಲ್ಲ. ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡು, "ಐದನೇತ್ತದ ಮನಷ್ಯಾ, ಬಿಎ ಬಿಎಡ್ಡದವರನ್ನ ಮೀರಿಸಿಬಿಟ್ಟಿ," ಎಂದರು. ಆ ಮಾತನ್ನು ನಾನು ಎಷ್ಟು ಜನರಿಗೆ ಹೇಳಿಕೊಂಡೆನೋ ಲೆಕ್ಕವಿಲ್ಲ.

ಅದೇ ಹುರುಪಿನಲ್ಲಿ ಒಂದು ದಿನ ಬಸ್ಸು ಹತ್ತಿ ದೇವದುರ್ಗಕ್ಕೆ ಹೋದೆ. ಚೀಟಿಯ ಶಿಕ್ಷಕಿಗೆ ನನ್ನ ಧಾಟಿಗಳನ್ನು ಕೊಟ್ಟು ಉಪಕಾರ ಮಾಡಬೇಕೆಂದು. ಅವಳ ತರಗತಿಯಲ್ಲಿ ಒಬ್ಬ ಕುರಿ ಕಾಯುವವನು ಓದುತ್ತಿದ್ದ. ಒಂದು ಅಕ್ಷರಕ್ಕೆ ನಿಂತು, ಹಿಂದೆ ಹೋಗಿ, ಮತ್ತೆ ಮುಂದೆ ಬಂದು, ಬೆವರಿಳಿಸಿಕೊಂಡು. ಒಂದು ಸಾಲಿಗೆ ನಾನು ಒಂದು ಬೀಡಿ ಸೇದಿ ಮುಗಿಸಬಹುದಿತ್ತು.

"ಬಾಯಾರ, ಇವರು ಇನ್ನೂ ಕುಂಟಾಕತ್ತಾರಲ್ರಿ," ಎಂದೆ. "ನಮ್ಮವರು ಓಡಾಕತ್ತಾರ."

"ಎಲ್ಲೂ ನಿಲ್ಲಂಗಿಲ್ಲೇನ್ರಿ?"

"ಇಲ್ಲ."

"ಒಂದು ತಪ್ಪೂ ಮಾಡಂಗಿಲ್ಲ?"

"ಒಂದೂ ಇಲ್ರಿ."

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಚಾ ಕುಡೀರಿ," ಎಂದಳು. ಹೊಟ್ಟೆಕಿಚ್ಚು ಎಂದುಕೊಂಡೆ.

ಮೇ ತಿಂಗಳು ಬಂತು. ಕೆರೆಯ ನೀರು ಅರ್ಧಕ್ಕಿಳಿದು ಒಗೆಯುವ ಕಲ್ಲುಗಳೆಲ್ಲ ಬಯಲಿಗೆ ಬಂದವು. ಉಪನ್ಯಾಸ ಮಾಲೆ ಶುರುವಾಯಿತು. ನಮ್ಮ ತರಗತಿಯವರು ಪಾಠ ಮುಗಿಸಿ ಅಲ್ಲೇ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ನಕ್ಷತ್ರಗಳ ಉಪನ್ಯಾಸದ ಮರುದಿನ ಬೆಳಿಗ್ಗೆ ಯವ್ವ ಬಟ್ಟೆ ಒಗೆಯುತ್ತ ಆ ಪಂಡಿತರು ಹೇಳಿದ್ದಷ್ಟನ್ನೂ ಬಿಡದೆ, ಅವರ ಕೆಮ್ಮಿನ ಸಮೇತ, ಉಳಿದವರಿಗೆ ಒಪ್ಪಿಸುತ್ತಿದ್ದಳು. ಏರಿಯ ಮೇಲೆ ನಿಂತು ಕೇಳಿದ ನಾನು ಹಿಗ್ಗಿದೆ. ಆ ಹೊತ್ತಿಗೆ ಅದು ನನಗೆ ಏನನ್ನಾದರೂ ತಿಳಿಸಬೇಕಿತ್ತು. ತಿಳಿಸಲಿಲ್ಲ.

ಮಾಲೆಯ ಕೊನೆಯ ದಿನ ಮೂರೂ ಊರಿನ ಕೇಂದ್ರಗಳವರು ವೇದಿಕೆಯ ಮೇಲೆ ಓದುವುದೆಂದು ನಿಶ್ಚಯವಾಯಿತು. ಓದಿದವರಿಗೆ ಸಾಕ್ಷರರಾದರೆಂಬ ಪ್ರಮಾಣಪತ್ರ. ಅಲ್ಲಿಗೆ ನಮ್ಮ ಕೇಂದ್ರ ಮುಗಿದಂತೆ. ಬೋರ್ಡು, ಪಾಟಿ ಎಲ್ಲ ಮುಂದಿನ ಕೇಂದ್ರ ತೆರೆಯುವ ಯರಗೇರಾಕ್ಕೆ. ಒಮ್ಮೆ ಸಾಕ್ಷರರೆಂದು ಬರೆದವರಿಗೆ ಮತ್ತೆ ತರಗತಿ ಇಲ್ಲ. ಅದು ಕಾಯಿದೆ.

ಇನ್ನು ಐದು ದಿನವಿತ್ತು. ಬೆವರು, ನೀರು ತಾಗಿ ನಮ್ಮ ಪುಸ್ತಕಗಳ ರಟ್ಟು ಕಿತ್ತುಹೋಗಿದ್ದವು. ವೇದಿಕೆಯ ಮೇಲೆ ಚೆನ್ನಾಗಿ ಕಾಣಲೆಂದು ಕಾರ್ಯದರ್ಶಿಗಳು ಮಾನ್ವಿಯಿಂದ ಹೊಸ ಪುಸ್ತಕದ ಕಟ್ಟು ತರಿಸಿದ್ದರು. ಹಂಚಿದೆ. ಹಾರ್ಮೋನಿಯಂ ಎಳೆದುಕೊಂಡು, "ಏಳನೇ ಪಾಠ," ಎಂದೆ. ಮೊದಲು ಯವ್ವ ಎತ್ತಿಕೊಳ್ಳಬೇಕು, ಉಳಿದವರು ದನಿ ಕೂಡಿಸಬೇಕು.

"ಕೆರೆ ನೀರು ತಾ. ಅರಿವೆಯಲ್ಲಿ ಸೋಸು. ಒಲೆಯ ಮೇಲೆ ಕಾಸು..."

ನನಗೂ ಪಾಠಗಳು ಬಾಯಿಗೆ ಬಂದಿದ್ದರಿಂದ ನಾನು ಪುಸ್ತಕ ನೋಡುವುದನ್ನು ಯಾವಾಗಲೋ ಬಿಟ್ಟಿದ್ದೆ. ಆ ದಿನ ಹೊಸ ಪುಸ್ತಕದ ಶಾಯಿಯ ವಾಸನೆಗೆ ಆಸೆಯಾಗಿ ತೆಗೆದು ನೋಡಿದೆ. ಏಳನೇ ಪಾಠ ಇರಬೇಕಾದಲ್ಲಿ ನೀರಿನ ಕೊಡದ ಚಿತ್ರವಿರಲಿಲ್ಲ, ಎತ್ತಿನ ಚಿತ್ರವಿತ್ತು. ಪುಸ್ತಕ ಹೊಲಿಯುವವರು ಹನ್ನೊಂದನೇ ಪಾಠದ ಹಾಳೆಯನ್ನು ಎರಡು ಸಲ ಹಾಕಿ, ಏಳನೆಯದನ್ನು ಬಿಟ್ಟಿದ್ದರು. ನನ್ನದೊಂದೇ ಹೀಗಿರಬೇಕೆಂದು ಬಗ್ಗಿ ಯವ್ವನ ಪುಸ್ತಕ ನೋಡಿದೆ. ಅದರಲ್ಲೂ ಎತ್ತು. ಅವಳ ಬೆರಳು "ಎತ್ತಿಗೆ ಮೇವು ಹಾಕು" ಎಂಬುದರ ಕೆಳಗೆ ನಿಧಾನವಾಗಿ ನಡೆಯುತ್ತಿತ್ತು. ಬಾಯಿ ಹೇಳುತ್ತಿತ್ತು: "ಆರಿಸಿ ಕುಡಿ."

ತಿದಿಯ ಮೇಲಿದ್ದ ನನ್ನ ಕೈ ನಿಂತಿತು. ಹಾರ್ಮೋನಿಯಂ ಸ್ವರ ಸಣ್ಣಗಾಗುತ್ತ ಸತ್ತಿತು. ಅವರು ನಿಲ್ಲಲಿಲ್ಲ. ಇಪ್ಪತ್ತೆರಡು ಬೆರಳು ಎತ್ತಿನ ಪಾಠದ ಕೆಳಗೆ ಒಟ್ಟಿಗೆ ನಡೆದವು, ಇಪ್ಪತ್ತೆರಡು ಬಾಯಿ ನೀರಿನ ಪಾಠ ಮುಗಿಸಿದವು. ಎಲ್ಲರೂ ಒಮ್ಮೆಗೇ ಹಾಳೆ ತಿರುವಿದರು.

"ಯವ್ವಾ," ಎಂದೆ. "ಆ ಹಾಳಿ ಮ್ಯಾಲ ಯಾವ ಚಿತ್ರ ಅದ?"

ಅವಳು ಹಿಂದಕ್ಕೆ ತಿರುವಿ ನೋಡಿದಳು. "ಎತ್ತು."

"ನೀ ಓದಿದ್ದು?"

"ನೀರಿಂದು."

"ಎತ್ತಿನ ಹಾಳ್ಯಾಗ ನೀರಿಂದು ಹೆಂಗ ಓದಿದಿ?"

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ನೀನ ಏಳನೇದು ಅಂದ್ಯಲ್ಲೋ! ಏಳನೇದು ನೀರಿಂದ ಅಲ್ಲೇನು?"

ಬಲೆ ಬೀಸುವವರ ಪೈಕಿ ಜಾಣನಾದವನನ್ನು ಕರೆದು, ಹಳೆಯ ಪುಸ್ತಕ ಕೊಟ್ಟು, ನೀರಿನ ಪಾಠದ ನಡುವಿನ ಒಂದು ಶಬ್ದದ ಮೇಲೆ ಬೆರಳಿಟ್ಟೆ. ಅವನು ತುಟಿಯೊಳಗೇ ಪಾಠವನ್ನು ಮೊದಲಿನಿಂದ ಹಾಡಿಕೊಂಡು, ಒಂದೊಂದು ಶಬ್ದಕ್ಕೂ ಬೆರಳು ಮುಂದೆ ಸರಿಸಿಕೊಂಡು ಬಂದು, ನನ್ನ ಬೆರಳು ಮುಟ್ಟಿದಾಗ ಸರಿಯಾಗಿ, "ಒಲೆಯ," ಎಂದ. ನಾನು ಅದೊಂದೇ ಶಬ್ದವನ್ನು ಬೋರ್ಡಿನ ಮೇಲೆ ಬರೆದೆ. ಅವನು ನೋಡಿದ, ನಕ್ಕ. "ಇದಕ್ಕ ಹಿಂದ ಮುಂದ ಏನೂ ಇಲ್ಲಲ್ಲ ಮಾಸ್ತರ. ಹೆಂಗ ಹೇಳಬೇಕು?"

ಅವರು ಮೋಸ ಮಾಡಿರಲಿಲ್ಲ. ನನ್ನನ್ನು ಕಂಗೆಡಿಸಿದ್ದು ಅದು. ಹಾಳೆಯ ಮೇಲೆ ಬೆರಳಿಟ್ಟು, ಆ ಹಾಳೆಗೆಂದು ಇರುವ ಪದವನ್ನು ತಪ್ಪದೆ ಹೇಳುವುದು, ಅದೇ ಓದು ಎಂದು ಅವರು ನಂಬಿದ್ದರು. ಎರಡು ಸಲ ಕೇಳಿದ್ದನ್ನು ಜನ್ಮಕ್ಕೆ ಮರೆಯದ ಮಂದಿ. ಅಂಥವರ ಮುಂದೆ ಧಾಟಿ ಇಟ್ಟವನು ನಾನು. ಅಕ್ಷರ ನೋಡುವ ಗರಜೇ ಅವರಿಗೆ ಬೀಳದ ಹಾಗೆ ಮೂರು ತಿಂಗಳು ಪಾಠ ಮಾಡಿದ್ದೆ.

ಕಾರ್ಯದರ್ಶಿಗಳ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ಒರೆಸಿಕೊಂಡರು.

"ಯಾರ್ಯಾರಿಗೆ ಹೇಳೀ?"

"ನಿಮಗ ಮೊದಲು."

"ಹಂಗಾದ್ರ ನನಗ ಹೇಳಿದ್ದ ಕಡೀದಾಗಲಿ. ಹಳೇ ಪುಸ್ತಕಕ್ಕ ಹೊಸ ರಟ್ಟು ಹಚ್ಚೋಣ. ಐದು ಮಿನಿಟಿನ ಕೆಲಸ, ಓದತಾರ, ಚಪ್ಪಾಳಿ ಬೀಳ್ತದ, ಮುಗೀತು."

"ಮುಗದ ಮ್ಯಾಲ ಅವರಿಗೆ ಯಾರು ಕಲಸ್ತಾರ್ರಿ?"

"ಇಷ್ಟು ವರ್ಷ ಯಾರು ಕಲಿಸಿದ್ರು?" ಎಂದರು. ದುಷ್ಟರೇನಲ್ಲ ಅವರು. ಅಷ್ಟು ಸಲೀಸಾಗಿ ಹೇಳಿದರಲ್ಲ ಎಂದು ನಾನು ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತಿದ್ದೆ.

ಮುಂದಿನ ಮೂರು ಸಂಜೆ ಹಾರ್ಮೋನಿಯಂ ತರಲಿಲ್ಲ. ಚೀಟಿ ಮಾಡಿದೆ, ಕಲಸಿದೆ. ಧಾಟಿ ಇಲ್ಲದೆ ಓದಿರೆಂದೆ. ಜಮಖಾನೆಯ ಮೇಲೆ ಉಸಿರಾಟ ಬಿಟ್ಟರೆ ಸದ್ದಿಲ್ಲ. ಬಲೆ ಬೀಸುವವನು ನನ್ನ ಕಿವಿಯ ಹತ್ತಿರ ಬಂದು, "ಮಾಸ್ತರ, ಮನ್ಯಾಗ ಯಾರರ ತೀರಕೊಂಡಾರೇನು? ಪೇಟಿ ಯಾಕ ಮುಟ್ಟವಲ್ಲಿ?" ಎಂದು ಕೇಳಿದ. ನಿಮಗೆ ಓದು ಬರುವುದಿಲ್ಲ ಎಂಬ ಮೂರು ಶಬ್ದ ನನ್ನ ಬಾಯಿಂದ ಹೊರಡಲಿಲ್ಲ. ಅದನ್ನು ಹೇಳಿದರೆ ನನಗೆ ಕಲಿಸಲು ಬರಲಿಲ್ಲ ಎಂದೂ ಹೇಳಬೇಕಾಗುತ್ತಿತ್ತು. ನಾಲ್ಕನೇ ದಿನ ಅವರು ತಾವೇ ಹಾಡಿಕೊಂಡು ಮನೆಗೆ ಹೋದರು.

ಕೊನೆಯ ದಿನ ಕೆರೆ ಏರಿ ತುಂಬಿತ್ತು. ಬಿಸಿಲು ಇನ್ನೂ ಊರ ಕೋಟೆಯ ಗೋಡೆಯ ಮೇಲಿತ್ತು. ಮೊದಲು ಮಾನ್ವಿಯವರು ಓದಿದರು. ಆಮೇಲೆ ದೇವದುರ್ಗದ ಶಿಕ್ಷಕಿ ತನ್ನ ಕುರಿ ಕಾಯುವವನ ಕೈಗೆ ಆ ದಿನದ ಪತ್ರಿಕೆ ಕೊಟ್ಟು ಕೆಳಗಿಳಿದಳು. ಅವನು ಒಂದು ಸುದ್ದಿಯ ತಲೆಬರಹ ಓದಲು ತೆಗೆದುಕೊಂಡ ಹೊತ್ತಿಗೆ ಜನ ಕೆಮ್ಮಿದರು, ಮಾತಾಡಿದರು, ಒಬ್ಬ ಸೀಟಿ ಹೊಡೆದ. ಅವನು ಓದಿ ಮುಗಿಸಿದ. ಯಾರೂ ಅವನಿಗೆ ಹಾಡಿಕೊಡದ ಸಾಲು ಅದು. ನಾನು ವೇದಿಕೆಯ ಪಕ್ಕ ನಿಂತಿದ್ದೆ. ಚೆನ್ನಾಗಿ ಓದುವ ಮಂದಿ ನಮ್ಮವರೆಂದು ಕಾರ್ಯದರ್ಶಿಗಳು ಮೈಕಿನಲ್ಲಿ ಹೇಳುತ್ತಿದ್ದರು. ಇಪ್ಪತ್ತೆರಡು ಜನ ಒಗೆದ ಬಟ್ಟೆ ಉಟ್ಟು, ರಟ್ಟು ಹಚ್ಚಿದ ಪುಸ್ತಕ ಎದೆಗವಚಿಕೊಂಡು ಎದ್ದು ನಿಂತರು.

ನಾನು ಹೋಗಿ ಮೈಕು ಹಿಡಿದೆ.

"ನಮ್ಮ ಕೇಂದ್ರದಾಗ ಇಪ್ಪತ್ತೆರಡು ಮಂದಿ ಅದಾರ್ರಿ. ಒಬ್ಬರಿಗೂ ಓದಾಕ ಬರಂಗಿಲ್ಲ. ಪಾಠ ಬಾಯಿಲೆ ಬರ್ತಾವ, ಅಕ್ಷರ ಬರಂಗಿಲ್ಲ. ತಪ್ಪು ಅವರದಲ್ಲ, ಕಲಿಸಿದ ನಂದು. ಪ್ರಮಾಣಪತ್ರ ಕೊಡಬ್ಯಾಡ್ರಿ, ಕೇಂದ್ರ ಮುಚ್ಚಬ್ಯಾಡ್ರಿ."

ಎದ್ದು ನಿಂತವರ ನಡುವಿನಿಂದ ಯವ್ವನ ದನಿ ಬಂತು.

"ಯಾಕ ಸುಳ್ಳು ಹೇಳ್ತೀ ಮಾಸ್ತರ? ಇಷ್ಟು ಮಂದಿ ಮುಂದ?"

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ವೇದಿಕೆ ಹತ್ತಿದಳು. ಮೇಲ್ವಿಚಾರಕರಿಗೆ ನನ್ನ ಮಾತಿಗಿಂತ ಅವಳ ಮಾತೇ ಬೇಕಾಗಿತ್ತು. ತಾವೇ ತಪಾಸಣೆ ಮಾಡಿ ಬರೆದವರಲ್ಲವೇ. ಮೇಜಿನ ಮೇಲಿನ ಕಟ್ಟಿನಿಂದ ಅವಳ ಪ್ರಮಾಣಪತ್ರ ಹುಡುಕಿ ತೆಗೆದು, "ತಗೋ ಯವ್ವಾ, ಇದನ್ನ ಓದಿ ತೋರಸು. ನಿಮ್ಮ ಮಾಸ್ತರಿಗೂ ತಿಳೀಲಿ," ಎಂದು ಕೈಗೆ ಕೊಟ್ಟರು.

ಅವಳು ಅದನ್ನು ಎದುರಿಗೆ ಹಿಡಿದಳು. ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. ಮೊದಲ ಪಾಠ ಹೇಳಿದಳು, ಐದೂ ಸಾಲು, ಗಟ್ಟಿ ದನಿಯಲ್ಲಿ, ಎಲ್ಲೂ ನಿಲ್ಲದೆ.

ದೂರ ಕೂತವರಿಗೆ ಹಾಳೆಯಲ್ಲಿ ಏನಿದೆಯೆಂದು ಕಾಣುತ್ತಿರಲಿಲ್ಲ. ಅವರು ಚಪ್ಪಾಳೆ ಹೊಡೆದರು. ವೇದಿಕೆಯ ಮೇಲಿದ್ದ ನಾವು ಯಾರೂ ಹೊಡೆಯಲಿಲ್ಲ. ಮೇಲ್ವಿಚಾರಕರ ಬಾಯಿ ತೆರೆದೇ ಇತ್ತು. ಯವ್ವ ಅವರ ಮುಖ ನೋಡಿದಳು, ಕಾರ್ಯದರ್ಶಿಗಳ ಮುಖ ನೋಡಿದಳು, ಆಮೇಲೆ ನನ್ನದು.

"ಯಾಕ? ಎಲ್ಲಿ ತಪ್ಪಾತು?"

ಅವಳು ಹಾಳೆಯನ್ನು ಹಿಂದುಮುಂದು ತಿರುವಿ ನೋಡಿದಳು.

"ಮತ್ತ ಇದರಾಗ ಏನ್ ಬರದಾರ?"

ನಾನು ಹತ್ತಿರ ಹೋದೆ. ಅವಳ ಬೆರಳು ಹಿಡಿದು ಎರಡನೇ ಸಾಲಿನ ನಡುವೆ ಇಟ್ಟೆ. "ಇಲ್ಲಿ ನಿನ್ನ ಹೆಸರು ಬರದಾರ, ಯವ್ವಾ."

ಅವಳು ಬಹಳ ಹೊತ್ತು ಆ ಜಾಗ ನೋಡಿದಳು. ಬೆರಳೆತ್ತಿ ನೋಡಿದಳು, ಮತ್ತೆ ಇಟ್ಟು ನೋಡಿದಳು. ಸಿಟ್ಟು ಮುಖದಿಂದ ಇಳಿದುಹೋಯಿತು. ಅದರ ಬದಲು ಬಂದದ್ದನ್ನು ನೋಡಲಾರದೆ ನಾನು ಕೆಳಗೆ ನೋಡಿದೆ.

"ನಿನಗ ಎಂದು ಗೊತ್ತಾತು?"

"ಐದು ದಿನ ಆತು."

"ಐದು ದಿನ ನನ್ನ ಮುಂದ ಕುಂತಿದ್ಯಲ್ಲೋ," ಎಂದಳು ಮೆಲ್ಲಗೆ. ಮೈಕು ಅದನ್ನು ಹಿಡಿಯಲಿಲ್ಲ. "ಮಂದಿಗೆ ಹೇಳೋಕ್ಕಿಂತ ಮೊದಲು ನನಗ ಹೇಳಬೇಕಿತ್ತು."

ಮಾನ್ವಿಯಲ್ಲಿ ಹಿಂದಿನ ಸಾಲಿನವರು ನಕ್ಕಾಗಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಜನರ ಮುಂದೆ ಸತ್ಯ ಹೇಳಿದೆನೆಂದು ಒಂದು ಗಳಿಗೆ ನನ್ನೊಳಗೆ ಎದ್ದಿದ್ದ ಹೆಮ್ಮೆಯೂ ಅಲ್ಲಿಗೆ ಹೋಯಿತು.

ಮೇಲ್ವಿಚಾರಕರು ಕುರ್ಚಿಯಲ್ಲಿ ಕೂತು, ನಮ್ಮ ಕೇಂದ್ರದ ಸಾಲಿನಲ್ಲಿ ಇಪ್ಪತ್ತೆರಡು ಎಂದು ಮೊದಲೇ ಬರೆದಿದ್ದನ್ನು ಹೊಡೆದು, ಸೊನ್ನೆ ಬರೆದರು. ಯರಗೇರಾಕ್ಕೆ ಹೊರಟಿದ್ದ ಬೋರ್ಡನ್ನು ಯಾರೋ ಬೇವಿನ ಮರಕ್ಕೆ ತಿರುಗಿ ಆನಿಸಿದರು. ಯವ್ವ ಪ್ರಮಾಣಪತ್ರವನ್ನು ಮೇಜಿನ ಮೇಲೆ, ಉಳಿದವುಗಳ ಮೇಲೆ, ಅಂಚು ಸರಿಮಾಡಿ ಇಟ್ಟಳು. ಮೆಟ್ಟಿಲ ತನಕ ಹೋದವಳು ನಿಂತು, ತಿರುಗದೆಯೇ ಕೇಳಿದಳು:

"ನನ್ನ ಹೆಸರಿನಾಗ ಎಷ್ಟು ಅಕ್ಷರ ಅದಾವ?"

"ಮೂರು."

"ನಾಳಿ ಒಂದು ತೋರಸು," ಎಂದು ಇಳಿದು ಹೋದಳು.